ಕುರ್ಚಿಯ ಮೇಲಿಟ್ಟ ಚೀಲ

ಇಟಲಿಯ ಆ ಕಡಲತೀರದ ಹಳ್ಳಿಯಲ್ಲಿ ನಾವಿದ್ದದ್ದು ನಾಲ್ಕು ದಿನ. ಚೀಲ ಕಳೆದದ್ದು ಮೂರನೆಯ ದಿನ ಮಧ್ಯಾಹ್ನ.

ಜೂನ್ ರಜೆ. ಗಂಡ, ಹನ್ನೊಂದು ವರ್ಷದ ಮಗಳು, ನಾನು. ಸಿಂಗಾಪುರದ ಬುಕಿತ್ ಪಂಜಾಂಗ್‌ನಲ್ಲಿ ಬೆಳೆದ ಮಗಳಿಗೆ ಇಲ್ಲಿ ನೀರು ತಣ್ಣಗಿದೆ, ಮರಳಿನ ಬದಲು ಬರೀ ಕಲ್ಲು ಎಂಬ ದೂರು. ಆದರೂ ನೀರು ಬಿಟ್ಟು ಬರುತ್ತಿರಲಿಲ್ಲ. ಆ ಬೆಳಿಗ್ಗೆ ಸಿಮ್ ಕಾರ್ಡ್ ಕೊಳ್ಳಲು ನನ್ನ ಪಾಸ್‌ಪೋರ್ಟ್ ಬೇಕಾಯಿತು. ಆಮೇಲೆ ಅದನ್ನು ರೂಮಿನಲ್ಲಿಡದೆ ಬಟ್ಟೆಯ ಚೀಲದಲ್ಲೇ ಬಿಟ್ಟೆ.

ಬಂದರಿನ ಪಕ್ಕದ ಹೋಟೆಲಿನಲ್ಲಿ ಕ್ಯೂ ನಿಂತು ತಟ್ಟೆ ತಂದುಕೊಳ್ಳಬೇಕು. ಖಾಲಿ ಇದ್ದದ್ದು ಒಂದೇ ಟೇಬಲ್. ಸಾಲು ಸಾಲು ಊಟದಂಗಡಿಗಳಿರುವ ಸಿಂಗಾಪುರದ ಹಾಕರ್ ಸೆಂಟರ್‌ನಲ್ಲಿ ಟೇಬಲಿನ ಮೇಲೊಂದು ಟಿಶ್ಯೂ ಪ್ಯಾಕೆಟ್ ಇಟ್ಟು ಹೋದರೆ ಸಾಕು, ಜಾಗ ನಮ್ಮದು. ಯಾರೂ ಮುಟ್ಟುವುದಿಲ್ಲ. ಅಲ್ಲಿನ ಕ್ಲೆಮೆಂಟಿ ಬಡಾವಣೆಯಲ್ಲಿ ನಾನು ಲ್ಯಾಪ್‌ಟಾಪನ್ನೇ ಇಟ್ಟು ಊಟ ತರಲು ಹೋದದ್ದಿದೆ.

"ಟಿಶ್ಯೂ ಇಲ್ಲಮ್ಮ," ಎಂದಳು ಮಗಳು.

"ಚೀಲ ಇಟ್ಟು ಬಾ, ಬೇಗ," ಎಂದೆ. ಗಂಡ ಆಗಲೇ ಕ್ಯೂನಲ್ಲಿ ನಿಂತಿದ್ದರು.

ತಟ್ಟೆ ಹಿಡಿದು ಮರಳಿದಾಗ ನಮ್ಮ ಕುರ್ಚಿಯಲ್ಲಿ ಮುದುಕನೊಬ್ಬ ಪೇಪರ್ ಓದುತ್ತ ಕೂತಿದ್ದ. ಅವನು ಬಂದಾಗ ಅಲ್ಲೇನೂ ಇರಲಿಲ್ಲವಂತೆ.

"ಬ್ಯಾಗ್ ಬಿಟ್ಟು ಹೋದಿರಾ? ಯಾಕೆ?" ಹೋಟೆಲಿನಾಕೆ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕೇಳಿದಳು.

"ಜಾಗ ಹಿಡಿಯೋಕೆ."

ಆಕೆ ನನ್ನನ್ನೇ ನೋಡಿ, ಮತ್ತೆ "ಯಾಕೆ?" ಎಂದಳು.

ಪೊಲೀಸ್ ಠಾಣೆಯಲ್ಲಿ ಗಂಡನೇ ಮಾತಾಡಿದರು. ಚೀಲ ಇಟ್ಟವರು ಯಾರು? ಮಗಳು. ಅದು ಸುಳ್ಳಲ್ಲ. ಪತ್ರಿಕೆಯೊಂದರ ಸುದ್ದಿಮನೆಯ ಡೆಸ್ಕಿನಲ್ಲಿ ವರದಿ ತಿದ್ದುತ್ತ ಹದಿನಾರು ವರ್ಷ ಕೂತವಳು ನಾನು. ಬಿಟ್ಟುಹೋದ ಒಂದು ಸಾಲು ಏನು ಮಾಡುತ್ತದೆಂದು ನನಗೆ ಗೊತ್ತು. ಆದರೂ ಸುಮ್ಮನೆ ಸಹಿ ಹಾಕಿದೆ.

ಮಿಲಾನಿನ ಭಾರತೀಯ ದೂತಾವಾಸಕ್ಕೆ ಫೋನ್ ಮಾಡಿದೆವು. ಹೊಸ ಪಾಸ್‌ಪೋರ್ಟಿಗೆ ವಾರಗಳು ಬೇಕು. ತಕ್ಷಣಕ್ಕೆ ಸಿಗುವ ತುರ್ತು ಕಾಗದದಲ್ಲಿ ಭಾರತಕ್ಕೆ ಹೋಗಬಹುದು, ಸಿಂಗಾಪುರಕ್ಕಲ್ಲ.

"ನೀನು ನಮ್ಮ ಜೊತೆ ಬರಲ್ವಾ?" ಎಂದಳು ಮಗಳು.

"ಬೆಂಗಳೂರಿಗೆ ಹೋಗಿ, ಹೊಸ ಪಾಸ್‌ಪೋರ್ಟ್ ಮಾಡಿಸ್ಕೊಂಡು ಹಿಂದೇನೇ ಬರ್ತೀನಿ."

"ಸಿಂಗಾಪುರದ ಒಳಗೆ ಬಿಡದಿದ್ರೆ?"

"ಚೀಲ ಇಡೋಕೆ ಮೊದಲು ಒಂದು ಸೆಕೆಂಡ್ ಯೋಚನೆ ಮಾಡಿದ್ರೆ ಇದೆಲ್ಲ ಆಗ್ತಿರ್ಲಿಲ್ಲ," ಎಂದರು ಗಂಡ ಅವಳಿಗೆ.

"ಸಾರಿ ಲಾ, ಅಪ್ಪ," ಎಂದಳು ತನ್ನ ಸಿಂಗಾಪುರದ ಧಾಟಿಯಲ್ಲಿ.

ಆಗಲೂ ನಾನು ಬಾಯಿ ಬಿಡಲಿಲ್ಲ. ಮರುದಿನ ಅವಳು ನೀರಿಗಿಳಿಯಲಿಲ್ಲ. ದಡದ ಕಲ್ಲಿನ ಮೇಲೆ ನಮ್ಮ ಮೂರು ಜೊತೆ ಚಪ್ಪಲಿಗಳನ್ನು ಕಾಯುತ್ತ ಕೂತಿದ್ದಳು.

ನಾನು ಬೆಂಗಳೂರಿನಲ್ಲಿ ಉಳಿದದ್ದು ಐದು ವಾರ. ದಿನವೂ ವೀಡಿಯೊ ಕಾಲ್‌ನಲ್ಲಿ ಅವಳ ಮೊದಲ ಪ್ರಶ್ನೆ, "ಬಂತಾ?" ಪಾಸ್‌ಪೋರ್ಟ್ ಬಂತು. ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಏನೂ ಕೇಳದೆ ಒಳಗೆ ಬಿಟ್ಟರು.

ಆ ಭಾನುವಾರ ಮನೆ ಹತ್ತಿರದ ಹಾಕರ್ ಸೆಂಟರ್‌ಗೆ ಹೋದೆವು. ಗಂಡ ಟಿಶ್ಯೂ ಪ್ಯಾಕೆಟ್ ತೆಗೆದು ಟೇಬಲಿನ ಮೇಲಿಟ್ಟರು. ಮಗಳು ಅದನ್ನೆತ್ತಿ ಅವರ ಕೈಗೇ ಕೊಟ್ಟಳು. ನನ್ನ ಬ್ಯಾಗಿನ ಪಟ್ಟಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು, "ನೀವಿಬ್ರೂ ಹೋಗಿ, ನಾನಿಲ್ಲೇ ಕೂತಿರ್ತೀನಿ," ಎಂದಳು.

ನಾನು ಹೋಗಲಿಲ್ಲ. ಗಂಡನ ಕಡೆ ತಿರುಗಿ ಹೇಳಿದೆ: "ಅವತ್ತು ಚೀಲ ಇಡು ಅಂದದ್ದು ನಾನು. ಅವಳು ಬರೀ ಟಿಶ್ಯೂ ಇಲ್ಲ ಅಂತ ಹೇಳಿದ್ಲು."

ಗಂಡ ಮಗಳ ಕಡೆ ತಿರುಗಿದರು. ಮಗಳು ತಲೆಯೆತ್ತದೆ, "ಗೊತ್ತು," ಎಂದಳು. "ಅಲ್ಲೇ ಯಾಕೆ ಹೇಳ್ಲಿಲ್ಲ?"

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನದ ತಿದ್ದುಪಡಿಯಲ್ಲಿ ಏನು ತಪ್ಪಾಗಿತ್ತು, ಯಾವುದು ಸರಿ ಎಂದಷ್ಟೇ ಬರೆಯುತ್ತೇವೆ. ಯಾಕೆ ಎಂದು ಬರೆದು ನನಗೆ ಅಭ್ಯಾಸವಿಲ್ಲ. ಅವಳು ಕಾಯುತ್ತಿದ್ದಳು. ಪಟ್ಟಿ ಇನ್ನೂ ಅವಳ ಕೈಗೆ ಸುತ್ತಿಕೊಂಡೇ ಇತ್ತು.