ವಾಡಿ ದಾಟಿದ ಮೇಲೆ ನನ್ನ ಪಕ್ಕ ಕೂತವರು

ನಾನು ದೆವ್ವ ಭೂತ ಎಂದು ಹೆದರುವವಳಲ್ಲ. ಮಾನ್ವಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ರೈಲಿನಲ್ಲಿ ನಡೆದದ್ದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬರು, "ನಿದ್ದಿಗಣ್ಣಾಗ ಏನೋ ಕಂಡಿರ್ಬೇಕು ಬಿಡ್ರಿ ಮೇಡಂ" ಎಂದರು. ನಿದ್ದೆಯೇ ಬಂದಿರಲಿಲ್ಲ. ಪೂರ್ತಿ ಎಚ್ಚರದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ.

ಆಗ ದಸರಾ ರಜೆ. ನಮ್ಮ ಮನೆಯವರು, ದೇವೇಂದ್ರ, ಚಿತ್ರಕಲೆಯ ಮೇಷ್ಟ್ರು. ಹಳೇ ಕಮಾನು ಕಂಡರೆ ಊಟ ಮರೆಯುವ ಮನುಷ್ಯ. ಒಳ್ಳೆಯ ಖಾನಾವಳಿ ಕಂಡರೆ ಕಮಾನನ್ನೂ ಮರೆಯುತ್ತಾರೆ. ರೈಲಿನಲ್ಲೇ ಊರೂರು ನೋಡೋಣ ಎಂದು ಹೊರಟಿದ್ದೆವು. ಬೀದರಿನಲ್ಲಿ ಮದರಸಾದ ನೀಲಿ ಬಿಲ್ಲೆಗಳು, ಕೋಟೆಯೊಳಗಿನ ಕತ್ತಲ ಕೋಣೆಗಳು. ಕಲಬುರಗಿಯಲ್ಲಿ ಕೋಟೆ ಮಸೀದಿಯ ಸಾಲು ಕಮಾನು, ಕಡಕ್ ರೊಟ್ಟಿ, ಎಣ್ಣೆಗಾಯಿ. ಇನ್ನು ರಾಯಚೂರಿನ ಕೋಟೆ ನೋಡಿ, ಗಬ್ಬೂರಿನ ಗುಡಿಗಳನ್ನೂ ನೋಡಿಕೊಂಡು, ದೇವದುರ್ಗದಲ್ಲಿ ಅಕ್ಕನ ಮನೆಗೆ ಹೋಗುವುದು ಬಾಕಿ ಇತ್ತು.

ಕಲಬುರಗಿಯಿಂದ ಸಂಜೆಯ ಗಾಡಿ ಹತ್ತಿದೆವು. ವಾಡಿಯಲ್ಲಿ ನಿಂತಾಗ ಹೊತ್ತು ಮುಳುಗಿತ್ತು.

"ರೇಣು, ಒಗ್ಗರಣಿ-ಮಿರ್ಚಿ ವಾಸನಿ ಬರಾಕತ್ತದ. ತರ್ತೀನಿ ತಡಿ."

"ಗಾಡಿ ಬಿಟ್ಟರ ಏನ್ ಮಾಡ್ತೀರಿ?"

"ಇಲ್ಲೇ ಎದುರಿಗೆ ಅದ. ಬಂದೆ" ಎನ್ನುತ್ತಲೇ ಇಳಿದರು. ಅವರ ಮೊಬೈಲ್ ಚಾರ್ಜ್ ಮುಗಿದು ನನ್ನ ಬ್ಯಾಗಿನಲ್ಲಿತ್ತು.

ಗಾಡಿ ಕುಲುಕಿತು. ನಾನು ಎದ್ದು ಬಾಗಿಲ ಕಡೆ ನೋಡಿದೆ. ಯಾರೂ ಇಲ್ಲ... ಅಷ್ಟರಲ್ಲಿ ಬೋಗಿಯ ಆ ತುದಿಯಿಂದ ಅವರು ನಡೆದು ಬರುವುದು ಕಂಡಿತು. ಅದೇ ಬಿಳಿ ಅಂಗಿ, ಜೇಬಿನ ಮೇಲೆ ಮಧ್ಯಾಹ್ನ ಚೆಲ್ಲಿಕೊಂಡ ಎಣ್ಣೆಗಾಯಿಯ ಕಲೆ. ಸಮಾಧಾನವಾಗಿ ನಕ್ಕುಬಿಟ್ಟೆ.

"ಸಿಕ್ತೇನ್ರಿ ಮಿರ್ಚಿ?"

"ಇಲ್ಲ."

ಪಕ್ಕದಲ್ಲಿ ಕೂತರು. ಆಗ ಮೂಗಿಗೆ ಒಂದು ವಾಸನೆ ಬಡಿಯಿತು. ನೆನೆದ ಸುಣ್ಣದ ಗೋಡೆ, ಬಾವಲಿ ಹಿಕ್ಕೆ, ಎಷ್ಟೋ ವರ್ಷ ಮುಚ್ಚಿಟ್ಟ ಗಾಳಿ... ಬೀದರ್ ಕೋಟೆಯ ಕತ್ತಲ ಕೋಣೆಯಲ್ಲಿ ಇಂಥದೇ ವಾಸನೆ ಇತ್ತು. ಆದರೆ ಈ ಅಂಗಿ ಹಾಕಿಕೊಂಡದ್ದು ಆವತ್ತು ಬೆಳಿಗ್ಗೆ, ಕಲಬುರಗಿಯಲ್ಲಿ.

ನಮ್ಮವರು ಬಾಯಿ ಮುಚ್ಚಿ ಕೂರುವವರಲ್ಲ. ಕಂಬ ಕಂಡರೂ ಮಾತು, ಕಲ್ಲು ಕಂಡರೂ ಮಾತು. ಈಗ ಕಿಟಕಿಯ ಹೊರಗಿನ ಕತ್ತಲನ್ನೇ ನೋಡುತ್ತಿದ್ದರು. ಸುಲಿದ ಶೇಂಗಾ ಕೊಟ್ಟೆ. ತೆಗೆದುಕೊಂಡರು, ತಿನ್ನಲಿಲ್ಲ. ಅಂಗೈ ತೆರೆದು ಹಾಗೆಯೇ ಹಿಡಿದುಕೊಂಡಿದ್ದರು.

ಸ್ವಲ್ಪ ಹೊತ್ತಿನ ಮೇಲೆ ತಗ್ಗಿದ ದನಿಯಲ್ಲಿ ಕೇಳಿದರು.

"ಮನ್ಯಾಗ ಯಾರ್ಯಾರು ಅದಾರ?"

ತಮಾಷೆ ಎಂದುಕೊಂಡೆ. "ನೀವು, ನಾನು. ಮಗಳು ಹಾಸ್ಟೆಲ್‌ನ್ಯಾಗ."

"ಮಗಳು..." ಎಂದರು. ಹೊಸ ತಿನಿಸನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡುವ ಹಾಗೆ. "ಹೆಸರೇನು?"

ನನ್ನ ಕೈ ನಿಂತಿತು. ತಲೆಗೆ ಏನಾದರೂ ಆಗಿದೆಯೇ? ಒಮ್ಮೊಮ್ಮೆ ರಕ್ತ ಹೆಪ್ಪುಗಟ್ಟಿದರೆ ನೆನಪು ಹೋಗುತ್ತದೆ ಎಂದು ಓದಿದ್ದೆ. "ತಲಿ ನೋಯಾಕತ್ತದೇನ್ರಿ?" ಎಂದೆ. ಮತ್ತೆ ಅದೇ: "ಹೆಸರೇನು?"

ಹೇಳಲಿಲ್ಲ. ನಾಲಿಗೆಯ ತುದಿಯಲ್ಲಿತ್ತು, ಆದರೂ ಹೇಳಲಿಲ್ಲ. ಯಾಕೆ ಎಂದು ನನಗೂ ಗೊತ್ತಿಲ್ಲ.

ಯಾದಗಿರಿಯಲ್ಲಿ ಒಬ್ಬ ಮುದುಕಿ ಹತ್ತಿ ಎದುರು ಕೂತಳು. ಹೆಗಲ ಮೇಲೆ ಕರಿ ಕಂಬಳಿ. ಹೆಸರು ಹನುಮವ್ವ, ಯರಗೇರಾದವಳು, ಮಗಳ ಬಾಣಂತನ ಮುಗಿಸಿ ಊರಿಗೆ ಹೊರಟಿದ್ದಾಳೆ ಎಂದು ಅವಳೇ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ನನ್ನ ಪಕ್ಕಕ್ಕೆ ಹೋಗಿ ಬರುತ್ತಿತ್ತು.

"ನಿಮ್ಮ ಮನಿಯವ್ರಿಗೆ ಮೈಯಾಗ ಆರಾಮಿಲ್ಲೇನವ್ವ?"

"ಯಾಕ್ರಿ ಯವ್ವಾ?"

"ಏನಿಲ್ಲ ಬಿಡು" ಎಂದು ಕಂಬಳಿ ಎಳೆದುಕೊಂಡಳು. "ಆ ಕಡಿಂದ ಥಂಡಿ ಹೊಡಿಯಾಕತ್ತದ."

ಕೃಷ್ಣಾ ಸೇತುವೆ ಹತ್ತಿತು ಗಾಡಿ. ಕಬ್ಬಿಣದ ಧಡಧಡ... ಅದರ ನಡುವೆ ನನ್ನ ಫೋನು ಅದುರಿತು. ಗೊತ್ತಿಲ್ಲದ ನಂಬರು.

"ರೇಣು, ನಾನು. ಎಷ್ಟೊತ್ತಿನಿಂದ ಮಾಡಾಕತ್ತೀನಿ, ಹತ್ತವಲ್ದು. ವಾಡ್ಯಾಗ ಗಾಡಿ ತಪ್ತು. ಹೆದರಬ್ಯಾಡ, ಹಿಂದಿನ ಗಾಡಿಗೆ ಬರ್ತೀನಿ. ಸ್ಟೇಷನ್‌ನ್ಯಾಗೇ ಕುಂತಿರು."

ಅವರದೇ ದನಿ. ಹಿಂದೆ ಚಹಾ ಮಾರುವವರ ಕೂಗು ಕೇಳುತ್ತಿತ್ತು.

ಫೋನು ಕಿವಿಗೇ ಹಿಡಿದು ಕೂತೆ. ಕುತ್ತಿಗೆ ಹೊರಳಲಿಲ್ಲ. ಪಕ್ಕದಲ್ಲಿ ಆ ವಾಸನೆ ಇನ್ನೂ ಹತ್ತಿರವಾಯಿತು.

"ಯಾರು?"

"ಅಕ್ಕ" ಎಂದೆ.

ಎದ್ದು ಹನುಮವ್ವನ ಪಕ್ಕ ಕೂತು ಅವಳ ಕೈ ಹಿಡಿದೆ. "ನನ್ನ ಕೈ ಬಿಡಬ್ಯಾಡ್ರಿ ಯವ್ವಾ." ಅವಳು ಯಾಕೆ ಎಂದು ಕೇಳಲಿಲ್ಲ. ಕಂಬಳಿಯ ಒಂದು ಸೆರಗನ್ನು ನನ್ನ ಮೇಲೂ ಎಳೆದಳು. ಎದುರಿನಲ್ಲಿ ನನ್ನ ಗಂಡನ ಮುಖ. ಹದಿನೇಳು ವರ್ಷ ನೋಡಿದ ಮುಖ. ಸಿಟ್ಟಿಲ್ಲ, ನಗುವಿಲ್ಲ... ಸುಮ್ಮನೆ ನನ್ನನ್ನೇ ನೋಡುತ್ತಿತ್ತು.

ರಾಯಚೂರು ಬಂತು. ಗಾಡಿ ನಿಲ್ಲುವ ಮೊದಲೇ ಅವರು ಎದ್ದು ಬಾಗಿಲ ಕಡೆ ನಡೆದರು. ಪ್ಲಾಟ್‌ಫಾರ್ಮ್ ಇರುವ ಬಾಗಿಲಲ್ಲ, ಆಚೆ ಕಡೆಯದು. ಅದನ್ನು ತೆರೆದು ಇಳಿದರು. ಜಲ್ಲಿಯ ಮೇಲೆ ಕಾಲಿಟ್ಟ ಸದ್ದು ಬರಲಿಲ್ಲ.

"ಆ ಕಡಿ ಕಟ್ಟಿ ಇಲ್ಲಲ್ಲವ್ವ..." ಎಂದಳು ಹನುಮವ್ವ. ಬಗ್ಗಿ ನೋಡಿದಳು, ನಾನೂ ನೋಡಿದೆ. ದೀಪದ ಕೆಳಗೆ ಖಾಲಿ ಹಳಿಗಳು. ಸೀಟಿನ ಮೇಲೆ ಶೇಂಗಾ ಬೀಜ ಬಿದ್ದಿದ್ದವು. ನಾನು ಮುಟ್ಟಲಿಲ್ಲ.

ಹನುಮವ್ವ ಊರಿಗೆ ಹೋಗಲಿಲ್ಲ. "ಯರಗೇರಾ ಎಲ್ಲಿಗೂ ಓಡಿ ಹೋಗಂಗಿಲ್ಲ. ಮುಂಜಾನಿ ಹೋಗ್ತೀನಿ" ಎಂದು ವೇಟಿಂಗ್ ರೂಮಿನಲ್ಲಿ ನನ್ನ ಜೊತೆ ಕೂತಳು. ಯಾರಾದರೂ ಬಾಗಿಲಿಗೆ ಬಂದರೆ ಇಬ್ಬರೂ ತಲೆ ಎತ್ತುತ್ತಿದ್ದೆವು.

ನಮ್ಮವರು ಬಂದರು. ಕೈಯಲ್ಲಿ ಆರಿ ತಣ್ಣಗಾದ ಮಿರ್ಚಿ ಪೊಟ್ಟಣ. ಹತ್ತಿರ ಬರಗೊಡಲಿಲ್ಲ ನಾನು.

"ಅಲ್ಲೇ ನಿಂದರ್ರಿ. ನಮ್ಮ ಮಗಳ ಹೆಸರು ಹೇಳ್ರಿ."

"ಏನಾಗ್ಯದ ನಿನಗ? ಅಕ್ಷತಾ ಅಲ್ಲೇನು?"

ಅಳು ತಡೆಯಲಾಗಲಿಲ್ಲ. ಹನುಮವ್ವ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೌದು, ಗಾಡ್ಯಾಗ ನೋಡಿದ್ದೂ ಇದೇ ಮಾರಿ" ಎಂದಷ್ಟೇ ಹೇಳಿದಳು.

ಸ್ಟೇಷನ್ನಿನ ಪೊಲೀಸರಿಗೆ ಹೇಳಿದೆವು. ಬ್ಯಾಗು ಕದಿಯಲು ಬಂದವನಿರಬೇಕು, ಆಚೆ ಇಳಿದು ಓಡಿದ್ದಾನೆ ಎಂದರು. ಬ್ಯಾಗಿನಿಂದ ಒಂದು ಸೂಜಿಯೂ ಹೋಗಿರಲಿಲ್ಲ. ಕೋಟೆ ನೋಡಲಿಲ್ಲ, ಗಬ್ಬೂರಿಗೂ ಹೋಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಮಾನ್ವಿ ಸೇರಿದೆವು.

ದೇವದುರ್ಗಕ್ಕೆ ಹೋದದ್ದು ಆಮೇಲೆ, ಸಂಕ್ರಾಂತಿಗೆ. ಅಕ್ಕ ಸಜ್ಜಿ ರೊಟ್ಟಿ ಬಡಿಯುತ್ತ ಒಳಗಿದ್ದಳು. ನಮ್ಮವರು ತಾಟು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದರು.

"ಒಂದು ಮಾತು ನಿನಗ ಹೇಳಿಲ್ಲ ರೇಣು" ಎಂದರು. "ವಾಡ್ಯಾಗ ಗಾಡಿ ನನಗ ತಪ್ಪಿರಲಿಲ್ಲ. ಓಡಿ ಬಂದಿದ್ದೆ, ಬಾಗಲ ಕೈಗೆ ಸಿಗೋವಷ್ಟು ಹತ್ರ ಇತ್ತು. ಆಗ ನಿನ್ನ ಕಿಡಕಿ ಕಾಣ್ತು. ನೀ ನಗಾಕತ್ತಿದ್ದಿ. ನಿನ್ನ ಪಕ್ಕ ನಾನೇ ಕುಂತಿದ್ದೆ."

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟೆ.

"ಅದಕ್ಕ ನಿಂತುಬಿಟ್ಟೆ" ಎಂದರು. "ಕಾಲೇ ಬರಲಿಲ್ಲ. ನಾ ಒಳಗ ಇದ್ದೀನಿ, ಮತ್ತ ಹತ್ತೋದು ಯಾರು?"

ಆಮೇಲೆ ನಾವಿಬ್ಬರೂ ಆ ಮಾತು ಎತ್ತಿಲ್ಲ. ಇವರು ಮೊದಲಿನಂತೆಯೇ ಇದ್ದಾರೆ. ಮಾತು, ನಗು, ಚಿತ್ರ, ಊಟ, ಎಲ್ಲ ಹಾಗೇ. ದೂರುವಂಥದ್ದು ಏನೂ ಇಲ್ಲ. ಆದರೂ ಮಗಳಿಗೆ ಫೋನಿನಲ್ಲಿ ಒಂದು ಮಾತು ಹೇಳಿಟ್ಟಿದ್ದೇನೆ: ಅಪ್ಪ ಒಬ್ಬರೇ ಹಾಸ್ಟೆಲ್ ಬಾಗಿಲಿಗೆ ಬಂದು ಕರೆದರೆ, ನನ್ನನ್ನು ಕೇಳದೆ ಹೊರಗೆ ಬರಬೇಡ.

"ಯಾಕವ್ವ?" ಎಂದು ಕೇಳುತ್ತಾಳೆ. ಪ್ರತಿ ಸಲ ಬೇರೆ ಮಾತು ತೆಗೆಯುತ್ತೇನೆ.