ವರದೆಗೆ ಹಾಯಿ ಕಟ್ಟಿದ ವರ್ಷ

ಹೊಳೆಗೆ ಸೇತುವೆ ಬರುವುದಕ್ಕೆ ಎಷ್ಟೋ ಮೊದಲಿನ ಮಾತು ಇದು. ಆಗ ಬೇಸಿಗೆಯಲ್ಲಿ ವರದೆಯನ್ನು ಎಲ್ಲರೂ ಬಟ್ಟೆ ಮೊಣಕಾಲಿಗೆ ಎತ್ತಿಕೊಂಡು ದಾಟುತ್ತಿದ್ದರು. ಮಳೆಗಾಲ ಬಂತೆಂದರೆ ದಂಡೆಗೆ ನಿಂತು ನಮ್ಮಪ್ಪನನ್ನು ಕೂಗುತ್ತಿದ್ದರು. ಈ ಕಡೆಯವರಿಗೆ ಹಾನಗಲ್ಲಿನ ಸಂತೆ, ಆ ಕಡೆಯವರಿಗೆ ಸವಣೂರಿನ ಸಂತೆ, ನಡುವೆ ನಮ್ಮ ದೋಣಿ. ಹೊಳೆಯ ದಂಡೆಯಲ್ಲಿ ಬೆಳೆದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಎದುರಿನ ದಂಡೆ ಕಣ್ಣಿಗೆ ಹತ್ತಿರವಿದ್ದರೂ ಅದೊಂದು ಬೇರೆಯೇ ಸೀಮೆ. ನಮ್ಮಲ್ಲಿ ಕೆಂಪು ಮಣ್ಣು, ಭತ್ತ, ಬಿದಿರು. ಅವರಲ್ಲಿ ಎರೆಮಣ್ಣು, ಜೋಳ, ಹತ್ತಿ. ನಮ್ಮ ಅಕ್ಕ ನೀಲವ್ವನನ್ನು ಆ ಸೀಮೆಗೆ ಕೊಟ್ಟಿದ್ದರು.

ನಮ್ಮಪ್ಪ ಭರಮಪ್ಪನ ಕೈ ಸುಮ್ಮನಿರುವ ಕೈ ಅಲ್ಲ. ಚೆನ್ನಾಗಿ ಮುಚ್ಚಿಕೊಳ್ಳುತ್ತಿದ್ದ ಬಾಗಿಲಿಗೆ ಹೊಸ ಅಗಳಿ ಮಾಡುತ್ತೇನೆಂದು ಹೊರಟು, ಒಂದು ಮಳೆಗಾಲವಿಡೀ ನಮ್ಮ ಬಾಗಿಲಿಗೆ ಕಲ್ಲು ಅಡ್ಡ ಇಡುವ ಹಾಗೆ ಮಾಡಿದ್ದ. ಕೋಳಿಗೂಡಿಗೆ ಮೆಟ್ಟಿಲು ಕಟ್ಟಿದ್ದ. ಕೋಳಿಗಳು ಒಂದು ದಿನವೂ ಅದನ್ನು ಹತ್ತಲಿಲ್ಲ. ಊಟಕ್ಕೆ ಕುಳಿತಾಗಲೂ ಅವನ ಕಣ್ಣು ಮಾಡಿನ ತೊಲೆಯ ಮೇಲೆ ಓಡಾಡುತ್ತಿತ್ತು. ಅವ್ವ ತಟ್ಟೆಗೆ ರೊಟ್ಟಿ ಹಾಕುತ್ತಾ, "ಅದನ್ನ ನೋಡಬ್ಯಾಡ್ರಿ, ಅದು ನೆಟ್ಟಗ ಐತಿ" ಎಂದು ಮೊದಲೇ ಹೇಳಿಬಿಡುತ್ತಿದ್ದಳು. ಈ ಗುಣ ನನಗೂ ಬಂದಿದೆ ಎಂದು ನಮ್ಮ ಮನೆಯವರು ಈಗಲೂ ಕಾಡಿಸುತ್ತಾರೆ.

ದೂರದಲ್ಲಿ ಎಲ್ಲೋ ಯುದ್ಧ ನಡೆಯುತ್ತಿದ್ದ ವರ್ಷಗಳವು. ನಮಗೆ ಅದು ತಿಳಿಯುತ್ತಿದ್ದದ್ದು ಸೀಮೆಎಣ್ಣೆ ಸಿಗದಾಗ, ಮೊಳೆ ಸಿಗದಾಗ. ಹೋಳಿಹುಣ್ಣಿವೆ ಮುಗಿದ ಮೇಲೆ ಅಪ್ಪ ಮೆಣಸಿನಕಾಯಿ ಗಾಡಿಗಳ ಜೊತೆ ಶಿರಸಿ ದಾಟಿ ಕುಮಟೆಗೆ ಹೋದ. ಒಯ್ದದ್ದು ಬೇರೆಯವರ ಮೆಣಸಿನಕಾಯಿ, ತಂದದ್ದು ಸಮುದ್ರದ ಹುಚ್ಚು. ಗಾಡಿಯಿಂದ ಇಳಿಸಿದ ಸಾಮಾನು ನೋಡಿ ಓಣಿಯೇ ನೆರೆಯಿತು. ಮಚವೆ ಎಂಬ ಯಾವುದೋ ಒಡೆದ ಹಾಯಿದೋಣಿಯ ಚುಕ್ಕಾಣಿ, ಬಾವಿಯ ರಾಟೆಯಂಥ ಎರಡು ಮರದ ಗಡಗಡಿ, ಕೈಗೆ ಚುಚ್ಚುವ ತೆಂಗಿನ ನಾರಿನ ಕಾಥಿ ಹಗ್ಗ, ತೇಪೆಯ ಮೇಲೆ ತೇಪೆ ಹಾಕಿದ ಒಂದು ದೊಡ್ಡ ಹಾಯಿಬಟ್ಟೆ. ಆ ಬಟ್ಟೆಗೆ ಮೀನೆಣ್ಣೆಯ ವಾಸನೆ. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದು ಹೊಸ್ತಿಲ ದಾಟಿದ್ರ ನಾ ಹೊರಗ ಹೋಗ್ತೇನಿ" ಎಂದಳು. ಹಾಯಿ ಭತ್ತದ ಹುಲ್ಲಿನ ಬಣವೆಯ ಮೇಲೆ ಮಲಗಿತು.

ಅಪ್ಪ ಮಾತ್ರ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕುಮಟೆಯಲ್ಲಿ ಮಚವೆಗಳು ಹೋಗಿಬರುವುದನ್ನು ಅವನು ದಂಡೆಗೆ ಕುಳಿತು ನೋಡಿದ್ದ. "ನಸುಕಿನ್ಯಾಗ ಗಾಳಿ ಸಮುದ್ರದೊಳಗ ಒಯ್ಯತೈತಿ, ಮಧ್ಯಾಹ್ನದ ಮ್ಯಾಲೆ ತಾನ ಹೊರಗ ತರತೈತಿ. ಮನಶಾ ಬರೇ ಹಗ್ಗ ಹಿಡದ ಕುಂತಿರತಾನ!" ಎಂದು ಬಂದವರಿಗೆಲ್ಲ ಹೇಳಿದ. ನಮ್ಮ ಅಜ್ಜನ ಕಾಲದ ದೋಣಿಗೆ ಹೊಸ ಜೀವ ಕೊಡುವುದೆಂದು ನಿರ್ಧಾರವಾಯಿತು. ದೋಣಿಯನ್ನು ದಂಡೆಯ ಮೇಲೆ ಎಳೆದು ಬೋರಲು ಹಾಕಿ, ಬಡಿಗೇರ ಕಾಳಪ್ಪನನ್ನು ಕರೆಸಿ, ಮೆತ್ತಗಾದ ಹಲಗೆಗಳನ್ನೆಲ್ಲ ಕೀಳಿಸಿದ.

ಆ ಬೇಸಿಗೆ ನನಗೆ ಹಬ್ಬ. ಬೋರಲು ಬಿದ್ದ ದೋಣಿಯ ಕೆಳಗೆ ನಮ್ಮ ಓಣಿಯ ಹುಡುಗಿಯರೆಲ್ಲ ಸೇರಿ ಕಲ್ಲು ತೂರಿ ಹಿಡಿಯುವ ಗುಂಡಾ ಆಡುತ್ತಿದ್ದೆವು. ಕಿತ್ತ ಹಲಗೆಯ ಸಂದಿಯಿಂದ ಬಿಸಿಲು ಪಟ್ಟಿಪಟ್ಟಿಯಾಗಿ ಬಿದ್ದು ಎಲ್ಲರ ಮುಖವೂ ಹುಲಿಯ ಮುಖವಾಗುತ್ತಿತ್ತು. ಮೇಲೆ ಕಾಳಪ್ಪ ಬಡಿಯುತ್ತಿದ್ದ, ಪಕ್ಕದಲ್ಲಿ ಗಡಿಗೆಯೊಳಗೆ ರಾಳ ಎಣ್ಣೆಯಲ್ಲಿ ಕುದಿಯುತ್ತಿತ್ತು. ಆ ವಾಸನೆ ತಲೆಗೂದಲಿಗೆ ಹತ್ತಿ, ಶೀಗೆಕಾಯಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಹಾನಗಲ್ಲಿನ ಆಚಾರ್ಯರೊಬ್ಬರು ಆ ಕಡೆಯ ಊರಿಗೆ ಪುರಾಣ ಹೇಳಲು ಹೋಗುತ್ತಿದ್ದವರು, ಧೋತರದ ಚುಂಗು ಹಿಡಿದುಕೊಂಡು ನಿಂತು ಕೇಳುತ್ತಿದ್ದರು:

"ಏನೋ ಭರಮಪ್ಪ, ಲಂಕಾಕ್ಕ ಹೊಂಟೀಯೇನು?"

"ಮೊದಲ ನಿಮ್ಮನ್ನ ಆ ದಂಡಿಗೆ ಮುಟ್ಟಸ್ತೇನ್ರಿ ಆಚಾರ್ರ, ಲಂಕಾ ಆಮ್ಯಾಲ ನೋಡೂಣು."

ಅವ್ವನಿಗೆ ಮಾತ್ರ ಈ ನಗೆ ಹಿಡಿಸುತ್ತಿರಲಿಲ್ಲ. ಅಕ್ಕ ಬಸುರಿಯಾಗಿದ್ದಳು, ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಹೊಳೆ ಬತ್ತಿದ್ದಾಗಲೇ ನಡೆಸಿಕೊಂಡು ಬರೋಣವೆಂದರೆ, ಸೀಮಂತದ ಕುಬಸ ಆಗದೆ ಬೀಗರು ಒಪ್ಪಲಿಲ್ಲ: "ಏಳರಾಗ ಕುಬಸ ಮಾಡಿ ಕಳಸ್ತೇವಿ, ಅದಕ್ಕೂ ಮೊದಲ ಕಳಸೂದಿಲ್ಲ." ಎಂಟನೆಯ ತಿಂಗಳಲ್ಲಿ ಬಸುರಿಯನ್ನು ಹೊಳೆ ದಾಟಿಸುವ ಹಾಗಿಲ್ಲ; ಇದು ಎರಡೂ ದಂಡೆಯವರು ನಂಬಿದ ಕಟ್ಟಳೆ. ಒಂಬತ್ತಕ್ಕೆ ಹೊಳೆ ತುಂಬಿ ಯಾರ ಮಾತೂ ಕೇಳುವುದಿಲ್ಲ. ಹಾಗಾಗಿ ಏಳು ಮುಗಿಯುವುದರೊಳಗೆ, ಅಂದರೆ ಮೃಗಶಿರದ, ನಮ್ಮ ಮಿರಗದ, ಮಳೆಯ ನಂತರದ ಅಮಾವಾಸ್ಯೆಯೊಳಗೆ, ಅಕ್ಕ ನಮ್ಮ ದಂಡೆಯಲ್ಲಿರಬೇಕು. ಇಲ್ಲವಾದರೆ ಬರುವುದಿಲ್ಲ. ದೋಣಿ ನೋಡಿದರೆ ಹೊಟ್ಟೆ ತೆರೆದುಕೊಂಡು ಬಿದ್ದಿತ್ತು.

ಅವ್ವ ತನ್ನ ಕಡೆಯಿಂದ ಎಲ್ಲ ಸಿದ್ಧ ಮಾಡಿದಳು. ಹಿಂದಿನ ಕೋಣೆಯಲ್ಲಿದ್ದ ಕಾಳಿನ ಗುಮ್ಮಿಗಳನ್ನು ಹೊರಗೆ ಸರಿಸಿ, ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದಳು. ಹೊರಸಿಗೆ ಹೊಸ ಹುರಿ ಹೆಣೆಸಿದಳು. ಮಗುವಿಗೆ ನೀರೆರೆಯಲು ಹಂಡೆ ತೊಳೆದಿಟ್ಟಳು. ಒಣಕೊಬ್ಬರಿ, ಅಂಟು, ಬೆಲ್ಲ, ಅಳವಿ ಕಾಳು ನೆಲುವಿನ ಮೇಲೆ ಗಡಿಗೆಯಲ್ಲಿ ಕುಳಿತಿದ್ದವು. ನಾನು ದಿನಕ್ಕೊಮ್ಮೆಯಾದರೂ ಕೊಬ್ಬರಿ ಕದ್ದು ತಿನ್ನುತ್ತಿದ್ದೆ. ಅಪ್ಪನೂ ಅಲ್ಲಿಗೆ ಬಂದವನು ಸುಮ್ಮನೆ ಹೋಗಲಿಲ್ಲ. ಹಾರೆ ತಂದು ಪೂರ್ವದ ಗೋಡೆಯನ್ನು ಒಡೆದ.

"ಅಯ್ಯ ಇವರ! ಗ್ವಾಡಿ ಯಾಕ ಕೆಡವಾಕತ್ತೀರಿ?"

"ಕಿಡಕಿ ಮಾಡತೇನಿ. ನೀಲವ್ವ ಮಲಕೊಂಡಲ್ಲಿಂದ ಹೊಳಿ ನೋಡಲಿ."

ಅವ್ವ ಬೈಯಲಿಲ್ಲ. ಆ ಒಂದು ಕಿಟಕಿಯನ್ನು ಅಪ್ಪ ಬೇಗ ಮುಗಿಸಿದ. ಅದರಲ್ಲಿ ಮುಖವಿಟ್ಟು ನಿಂತರೆ ಹೊಳೆಯೂ ಕಾಣುತ್ತಿತ್ತು, ಹೊಳೆಯಾಚೆಯ ಜಾಲಿಮರವೂ ಕಾಣುತ್ತಿತ್ತು. ಆ ಹೊರಸಿನ ಮೇಲೆ ಅಕ್ಕನ ಪಕ್ಕ ನಾನೇ ಮಲಗುವವಳು ಎಂದು ಮೊದಲೇ ಜಗಳವಾಡಿ ಜಾಗ ಹಿಡಿದಿದ್ದೆ. ಜಗಳಕ್ಕೆ ಎದುರಾಳಿ ಯಾರೂ ಇರಲಿಲ್ಲ, ಆ ಮಾತು ಬೇರೆ.

ಮಿರಗ ಹೊಕ್ಕಿತು. ದೋಣಿಗೆ ಹಲಗೆ ಬಿದ್ದವು, ಸಂದಿಗೆ ರಾಳದ ಹತ್ತಿ ತುಂಬಿದ್ದಾಯಿತು, ಹಿಂದೆ ಚುಕ್ಕಾಣಿ ಕೂತಿತು, ನಡುವೆ ಕಂಬ ನಿಂತಿತು. ಇನ್ನು ಹಾಯಿ ಕಟ್ಟಲು ಕಂಬಕ್ಕೆ ಅಡ್ಡವಾಗಿ ಒಂದು ಒಣಬಿದಿರು ಬೇಕು, ಹಸಿಯದು ಬಾಗುತ್ತದೆ. ಆಗ ಅಪ್ಪನ ಕಣ್ಣು ಗೋಡೆಗೆ ಆನಿಸಿಟ್ಟ ಗಳದ ಮೇಲೆ ಬಿತ್ತು. ಅದು ಅಜ್ಜ ಆರಿಸಿ ತಂದು, ಅಟ್ಟದ ಹೊಗೆಯಲ್ಲಿ ಒಣಗಿಸಿ, ಎಣ್ಣೆ ಕುಡಿಸಿದ ಬಿದಿರು. ತುಂಬಿದ ಹೊಳೆಯಲ್ಲೂ ಅದರ ತುದಿ ನೆಲ ಮುಟ್ಟುತ್ತಿತ್ತು. ಅದನ್ನು ಊರಿ ನೂಕಿಯೇ ನಮ್ಮ ದೋಣಿ ಇಷ್ಟು ವರ್ಷ ಹೋಗಿಬಂದದ್ದು. ಅಪ್ಪ ಗರಗಸ ಎತ್ತಿದ. ಅವ್ವ ಒಲೆಯ ಮುಂದಿನಿಂದ ಎದ್ದುಬಂದಳು.

"ಗಳ ಕಡದ್ರ ದೋಣಿ ಯಾತರಿಂದ ನೂಕ್ತೀರಿ?"

"ಗಾಳಿ ನೂಕತೈತಿ."

"ಹೋಗೂಮುಂದ ಗಾಳಿ. ಬರೂಮುಂದ?"

"ಬರೂಮುಂದನೂ ಗಾಳಿ ಇರತೈತಲ್ಲ! ಕುಮಟ್ಯಾಗ ನಾ ನೋಡೇನಿ."

ಅಪ್ಪ ನೋಡಿದ್ದು ಸುಳ್ಳಲ್ಲ. ಆದರೆ ಅವನು ನೋಡಿದ್ದು ಬೇಸಿಗೆಯ ಸಮುದ್ರ. ನಮ್ಮ ಕಡೆ ಮಳೆಗಾಲದ ಗಾಳಿಗೆ ಒಂದೇ ದಾರಿ, ಪಡುವಣದಿಂದ ಮೂಡಣಕ್ಕೆ. ಹುಟ್ಟಿದಾಗಿನಿಂದ ಆ ಗಾಳಿಗೆ ಬೆನ್ನು ಕೊಟ್ಟು ನಿಂತವನಿಗೆ ಅದು ಹೊಳೆಯಲಿಲ್ಲ, ಸಮುದ್ರದ ಗಾಳಿಯೇ ತಲೆಯಲ್ಲಿ ತುಂಬಿತ್ತು. ಗಳ ಎರಡು ತುಂಡಾಯಿತು. ಆ ಸದ್ದು ನನಗೆ ಆಗ ಏನೂ ಅನ್ನಿಸಲಿಲ್ಲ. ಹಾಯಿ ಯಾವಾಗ ಏರುತ್ತದೆಂದು ಕುಣಿಯುತ್ತಿದ್ದೆ.

ಕುಬಸಕ್ಕೆ ಹೊರಟ ದಿನ ಆಕಾಶ ಕವಿದುಕೊಂಡು ಗಾಳಿ ಜೋರಾಗಿತ್ತು. ಹೊಳೆ ಕೆಂಪಾಗಿ ಏರಿತ್ತು. ಹಸಿರು ಸೀರೆ, ಬಳೆ, ಹೋಳಿಗೆಯ ಬುಟ್ಟಿ ಹಿಡಿದು ಅವ್ವ ನಡುವೆ ಕುಳಿತಳು, ನಾನು ಮುಂದೆ. ಅಪ್ಪ ಹಗ್ಗ ಎಳೆದ. ಗಡಗಡಿ ಕಿರ್ರೆಂದಿತು, ಹಾಯಿ ಪಟಪಟ ಬಡಿದುಕೊಂಡು ಒಮ್ಮೆಲೇ ತುಂಬಿತು. ಅಬ್ಬಾ, ಆ ಹೋದದ್ದು! ಬಾಯಲ್ಲಿಟ್ಟ ಕೊಬ್ಬರಿ ಚೂರು ಅಗಿದು ಮುಗಿಸುವುದರೊಳಗೆ ಆ ದಂಡೆ. ಬೀಗರ ಊರಿನವರೆಲ್ಲ ದಂಡೆಗೆ ಓಡಿಬಂದಿದ್ದರು. ಅಪ್ಪ ಮುಂಡಾಸು ಸರಿಮಾಡಿಕೊಂಡು ಇಳಿದ ಠೀವಿಯನ್ನು ನಾನು ಯಾವ ಸರದಾರನಲ್ಲೂ ಕಂಡಿಲ್ಲ. ಅವನ ಮೇಲೆ ನನಗಿದ್ದ ಹೆಮ್ಮೆ ಆ ದಿನದಷ್ಟು ಮತ್ತೆಂದೂ ಇರಲಿಲ್ಲ.

ಕುಬಸ ಚೆನ್ನಾಗಿಯೇ ಆಯಿತು. ಅಕ್ಕನಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಎತ್ತಿ, ಊಟ ಮುಗಿಸಿ ಮಧ್ಯಾಹ್ನ ದಂಡೆಗೆ ಬಂದೆವು. ಅಕ್ಕ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. "ಕ್ವಾಣ್ಯಾಗ ಕಿಡಕಿ ಹಾಕ್ಯಾನಂತಲ್ಲ ಅಪ್ಪ? ದೊಡ್ಡದ ಐತೇನ?" ಎಂದು ಮೇಲಿಂದ ಮೇಲೆ ಕೇಳಿದಳು. ದೋಣಿಯಲ್ಲಿ ಅವಳನ್ನು ಮೆತ್ತೆಯ ಮೇಲೆ ಕೂರಿಸಿದರು. ಅಪ್ಪ ಹಾಯಿ ಏರಿಸಿದ.

ಗಾಳಿ ಹಾಯಿಯನ್ನು ತುಂಬಿತು, ದೋಣಿಯನ್ನು ತಂದು ಅದೇ ದಂಡೆಗೆ ಒತ್ತಿ ನಿಲ್ಲಿಸಿತು. ಅಪ್ಪ ಹಗ್ಗ ಆ ಕಡೆ ಎಳೆದ, ಈ ಕಡೆ ಎಳೆದ. ಚುಕ್ಕಾಣಿ ತಿರುಗಿಸಿದ. ಜನ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಹಾಯಿ ಇಳಿಸಿ ಎರಡು ಸಣ್ಣ ಹುಟ್ಟು ಹಾಕಿ ನೋಡಿದ. ನಡುನೀರು ಮುಟ್ಟುವ ಮೊದಲೇ ಸೆಳೆತ ನಮ್ಮನ್ನು ಕೆಳಗೆ ಒಯ್ದು, ಗಾಳಿ ಮತ್ತೆ ಜಾಲಿಕಂಟಿಗೆ ತಂದು ತುರುಕಿತು. ಕಡೆಗೆ ಹಾಯಿಯ ಬಿದಿರನ್ನೇ ಬಿಚ್ಚಿ ನೀರಿಗೆ ಊರಿದ. ಅದು ನೆಲ ಮುಟ್ಟಲಿಲ್ಲ. ಅಪ್ಪ ಬಗ್ಗಿದ, ಇನ್ನೂ ಬಗ್ಗಿದ, ಭುಜದವರೆಗೆ ತೋಳು ನೀರಿನಲ್ಲಿ ಹೋಯಿತು. ಅದು ಮುಟ್ಟಲೇ ಇಲ್ಲ.

"ಸಾಕ್ರಿ. ಬಸರಿ ಕೂಸು ಕುಂತೈತಿ. ದಂಡಿಗೆ ಹಚ್ರಿ" ಎಂದಳು ಅವ್ವ. ಅವಳ ದನಿ ಏರಲಿಲ್ಲ.

ಅಕ್ಕ ಇಳಿಯುವಾಗ ನಗುತ್ತಿದ್ದಳು. ಎರೆಮಣ್ಣಿನಲ್ಲಿ ಕಾಲು ಹೂತುಕೊಂಡಾಗ ಅತ್ತುಬಿಟ್ಟಳು.

ಆ ಎರೆನಾಡಿನಲ್ಲಿ ಗಳಕ್ಕೆ ಆಗುವ ಒಂದು ಬಿದಿರಿರಲಿಲ್ಲ. ಬಿದಿರೆಲ್ಲ ನಮ್ಮ ದಂಡೆಯಲ್ಲಿ. ಗಾಳಿ ಇಳಿಯಲೆಂದು ಕಾದೆವು. ಅಪ್ಪ ದಂಡೆ ಬಿಟ್ಟು ಕದಲಲಿಲ್ಲ, ಬೀಗರ ಮನೆಯ ಊಟ ಅಲ್ಲಿಗೇ ಹೋಗುತ್ತಿತ್ತು, ಹಾಗೇ ತಿರುಗಿ ಬರುತ್ತಿತ್ತು. ಅಮಾವಾಸ್ಯೆ ಬಂದುಹೋಯಿತು. ಅದಾದ ಮೇಲೆ ಒಂದು ಬೆಳಿಗ್ಗೆ, ಹುಲ್ಲಿನ ಗರಿಯೂ ಅಲ್ಲಾಡದ ಹಾಗೆ ಗಾಳಿ ನಿಂತಿತು. ಬೀಗತಿ ಬಾಗಿಲಲ್ಲಿ ನಿಂತು ಮೆತ್ತಗೆ, "ಎಂಟಕ್ಕ ಬಿದ್ದೈತಿ. ಇನ್ನ ಕಳಸಾಕ ಬರೂದಿಲ್ರಿ" ಎಂದರು. ಅವರ ಮೇಲೆ ಸಿಟ್ಟಾಗುವ ಹಾಗೂ ಇರಲಿಲ್ಲ, ನಮ್ಮ ಮನೆಯಲ್ಲಾದರೂ ಅವ್ವ ಅದನ್ನೇ ಅನ್ನುತ್ತಿದ್ದಳು. ಮಗಳ ಅತ್ತೆಯ ಮನೆಯಲ್ಲಿ ತಾಯಿ ತಿಂಗಳುಗಟ್ಟಲೆ ಇರುವುದು ಆಗ ಕೇಳರಿಯದ ಮಾತು. ಅವ್ವ ಸೆರಗು ಬಿಗಿದುಕೊಂಡು, "ನಾ ಇಲ್ಲೇ ಇರತೇನಿ" ಎಂದುಬಿಟ್ಟಳು. ಅಪ್ಪ ನನ್ನೊಬ್ಬಳನ್ನು ಕೂರಿಸಿಕೊಂಡು ಹುಟ್ಟು ಹಾಕುತ್ತ ಈ ದಂಡೆಗೆ ಬಂದ.

ಆ ಮಳೆಗಾಲ ಹೇಗೆ ಕಳೆಯಿತೆಂದು ಕೇಳಬೇಡಿ. ಸಿದ್ಧವಾದ ಕೋಣೆ, ನೇಯ್ದ ಹೊರಸು, ತೊಳೆದ ಹಂಡೆ. ಮಲಗುವವರಿಲ್ಲ. ನಾನು ಹೊರಸಿನ ಮೇಲೆ ಹೊರಳಾಡುತ್ತಿದ್ದೆ, ಮಲಗಿದಲ್ಲಿಂದ ಬರೀ ಆಕಾಶ ಕಾಣುತ್ತಿತ್ತು, ಎದ್ದು ಕಿಟಕಿಗೆ ಹೋಗುತ್ತಿದ್ದೆ, ಮತ್ತೆ ಬಂದು ಮಲಗುತ್ತಿದ್ದೆ. ಕೊಬ್ಬರಿ ಗಡಿಗೆ ಕೈಗೆಟುಕುವಲ್ಲೇ ಇತ್ತು, ತಿನ್ನಬೇಕೆನ್ನಿಸಲಿಲ್ಲ. ಅಪ್ಪ ಅಂಗಳದಲ್ಲಿ ಹೊಸ ಬಿದಿರು ಕಾಯಿಸಿ ನೆಟ್ಟಗೆ ಮಾಡುತ್ತಿದ್ದವನು ಅರ್ಧಕ್ಕೆ ಬಿಟ್ಟು ದಂಡೆಗೆ ಓಡುತ್ತಿದ್ದ. ಹೊಳೆ ದಂಡೆ ಮೀರಿ, ಯಾವ ದೋಣಿಯೂ ಇಳಿಯದ ಹಾಗಾಗಿತ್ತು. ಸುದ್ದಿ ಅಂದರೆ ದಂಡೆಯಿಂದ ದಂಡೆಗೆ ಕೂಗು. ಆ ನೆರೆಯ ಸದ್ದಿಗೆ ಅದೂ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕಿಟಕಿಯಿಂದ ಸದ್ದು ಬಂತು. ಆಚೆಯ ಜಾಲಿಮರದ ಕೆಳಗೆ ಯಾರೋ ಕಂಚಿನ ಗಂಗಾಳ ಬಾರಿಸುತ್ತಿದ್ದರು. ಕೂಸು ಹುಟ್ಟಿದರೆ ಬಾರಿಸುವ ಗಂಗಾಳ. ಪಕ್ಕದಲ್ಲಿ ಅವ್ವ ನಿಂತು ಸೆರಗು ಬೀಸುತ್ತಿದ್ದಳು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು. ಅಪ್ಪ ಕಿಟಕಿಯ ಚೌಕಟ್ಟಿಗೆ ಹಣೆ ಇಟ್ಟು ಸಣ್ಣ ಮಗುವಿನ ಹಾಗೆ ಅತ್ತ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನೆರೆ ಇಳಿದ ಮೇಲೆ ಹೊಸ ಗಳ ಊರಿಕೊಂಡು ದಾಟಿದೆವು. ಅಪ್ಪ ಅಲ್ಲೇ ಬಿಟ್ಟುಬಂದಿದ್ದ ಹಾಯಿಬಟ್ಟೆಯನ್ನು ಅವ್ವ ಸುಡುನೀರಲ್ಲಿ ಕುದಿಸಿ ಕುದಿಸಿ ಮೀನೆಣ್ಣೆಯ ವಾಸನೆ ತೆಗೆದು ಜೋಳಿಗೆ ಕಟ್ಟಿದ್ದಳು, ಅದರಲ್ಲಿ ಅಕ್ಕನ ಮಗಳು ತೂಗುತ್ತಿದ್ದಳು. ಚೊಚ್ಚಲು ಅಲ್ಲೇ ಆದದ್ದರಿಂದ ಉಳಿದ ಹೆರಿಗೆಗಳೂ ಅಲ್ಲೇ ಆದವು. ಆ ವರ್ಷವೇ, ಅಕ್ಕ ಕೂಸನ್ನೆತ್ತಿಕೊಂಡು ತವರಿಗೆ ಬರುವ ಮೊದಲೇ, ಹಿಂಗಾರಿನ ಒಂದು ದೊಡ್ಡ ನೆರೆಗೆ ನಮ್ಮ ಹಿಂದಿನ ಗೋಡೆ ಕುಸಿದು, ಕೋಣೆ ಕಿಟಕಿಸಮೇತ ಹೋಯಿತು. ಅಪ್ಪ ಅದನ್ನು ಮತ್ತೆ ಕಟ್ಟಲಿಲ್ಲ. ಅವನ ಕೈ ಅಷ್ಟರಲ್ಲಿ ಸುಮ್ಮನಿರುವುದನ್ನು ಕಲಿತಿತ್ತು, ಅದನ್ನು ನೋಡುವುದೇ ನನಗೆ ಸಂಕಟವಾಗುತ್ತಿತ್ತು.

ಈಗ ಸೇತುವೆಯ ಮೇಲೆ ಬಸ್ಸು ಹೋಗುತ್ತದೆ. ಒಳಗೆ ಕುಳಿತವರು ಹೊಳೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆ ಸೀಮೆ ಈ ಸೀಮೆ ಎಂಬುದೇ ಉಳಿದಿಲ್ಲ. ಬಸುರಿಯರು ಎಂಟನೆಯ ತಿಂಗಳಲ್ಲೂ ನಿಶ್ಚಿಂತೆಯಿಂದ ದಾಟುತ್ತಾರೆ. ಒಳ್ಳೆಯದೇ ಆಯಿತು. ಆದರೂ ಗಂಗಾಳದ ಸದ್ದಿಗೆ ಕಿವಿಗೊಟ್ಟು ಕಾಯುವ ಕಿಟಕಿ ಈಗ ಯಾರ ಮನೆಯಲ್ಲಿದೆ?

ಅಕ್ಕ ತೀರಿಕೊಳ್ಳುವ ಮುಂಚಿನ ವರ್ಷ ಅವಳನ್ನು ನೋಡಲು ಅದೇ ಬಸ್ಸಿನಲ್ಲಿ ಹೋಗಿದ್ದೆ. ಅವಳ ಕಣ್ಣು ಮಂಜಾಗಿದ್ದವು. ನನ್ನ ಕೈ ಹಿಡಿದುಕೊಂಡು, ದಂಡೆಗೆ ನಡೆದು ಹೋದ ದಿನದ ಹಾಗೆಯೇ ಕೇಳಿದಳು:

"ಗಂಗವ್ವಾ, ಆ ಕ್ವಾಣಿ ನಾ ನೋಡಲೇ ಇಲ್ಲಲ್ಲ. ಕಿಡಕ್ಯಾಗಿಂದ ಏನೇನ ಕಾಣ್ತಿತ್ತವ?"

"ಹೊಳಿ ಕಾಣ್ತಿತ್ತಕ್ಕ. ನಿಮ್ಮ ದಂಡಿ ಕಾಣ್ತಿತ್ತು."

"ಹೊರಸಿನ ಮ್ಯಾಲೆ ಮಲಕೊಂಡಲ್ಲಿಂದನ?"

"ಮಲಕೊಂಡಲ್ಲಿಂದನ" ಎಂದೆ.