ಪೆಟ್ರೋಲ್ ಮುಗಿಸಿಕೊಂಡ ವರ

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಹುಡುಗರಿಗೆ ಚಿನ್ನದ ಬೆಲೆ ಇದ್ದ ಕಾಲದಲ್ಲಿ ಹೆಣ್ಣು ಹೆತ್ತವರೆಲ್ಲ ವರನ ಸಂಬಳ ಕೇಳುತ್ತಿದ್ದರು. ನಮ್ಮಪ್ಪ ಮಾತ್ರ ಪೆಟ್ರೋಲ್ ವಿಚಾರಿಸಿದ.

ಬಾಲಾನಗರದ ಕಾರ್ಖಾನೆಯೊಂದರಲ್ಲಿ ವಿಮಾನದ ಉಪಕರಣ ಮಾಡುತ್ತಿದ್ದ ಅಪ್ಪ, ಸಣ್ಣ ವಿಮಾನಗಳು ಬಿದ್ದ ವರದಿಗಳನ್ನು ಉಳಿದವರು ಧಾರಾವಾಹಿ ನೋಡುವಷ್ಟು ಆಸೆಯಿಂದ ಓದುತ್ತಿದ್ದ. ಊಟಕ್ಕೆ ಕೂತರೂ ಅದೇ ಪುರಾಣ: "ಇಂವನೂ ಪೆಟ್ರೋಲ್ ಲೆಕ್ಕ ಹಾಕದೇ ಹಾರ್‍ಯಾನ ನೋಡು. ಯಂತ್ರ ಕೆಟ್ಟಿಲ್ಲ, ಏನಿಲ್ಲ. ಟಾಕಿ ಖಾಲಿ!" ಬಿದ್ದವರ ಸುದ್ದಿ ಬಿಟ್ಟು ಉಣ್ರಿ ಎಂದು ಅವ್ವ ಬೈಯುತ್ತಿದ್ದಳು.

ನನ್ನನ್ನು ನೋಡಲು ಮಿಯಾಪುರದಿಂದ ತಾಯಿಯ ಜೊತೆ ಬಂದ ಹುಡುಗ, ಸಾಫ್ಟ್‌ವೇರ್ ಸಂಬಳದ ಹುರುಪಿನಲ್ಲಿ ರವಿವಾರಕ್ಕೊಮ್ಮೆ ವಿಮಾನ ಹಾರಿಸಲು ಕಲಿತವನು. ಅದು ಗೊತ್ತಾದದ್ದೇ ತಡ, ಅಪ್ಪನ ಕಿವಿ ನೆಟ್ಟಗಾದವು. ಅವಲಕ್ಕಿ ತಟ್ಟೆ ಹಿಡಿದು ಬಂದ ನನ್ನ ಕಡೆ ಯಾರೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆ ಹುಡುಗ ಮಾತ್ರ ನೋಡಿ ನಕ್ಕ. ಅಲ್ಲೇ ಹಿಡಿಸಿಬಿಟ್ಟ, ಇನ್ನು ಅಪ್ಪ ಕೆಡಿಸದಿದ್ದರೆ ಸಾಕಿತ್ತು.

"ಎಂದರ ಮ್ಯಾಲ ಹಾರೂ ಮುಂದ ಪೆಟ್ರೋಲ್ ಮುಗದದೇನು ತಮ್ಮಾ?" ಅಪ್ಪ ಕೇಳಿಯೇಬಿಟ್ಟ.

"ಒಮ್ಮೆ ಮುಗದಿತ್ತ್ರಿ. ಜ್ವಾಳದ ಹೊಲದಾಗ ಇಳಿಸಿದೆ. ವಿಮಾನದ ಮೂತಿ ನೆಲಕ್ಕ ಬಡೀತು."

ಅವನ ತಾಯಿ ಚಹಾದ ಕಪ್ಪು ಕುಕ್ಕಿದರು. "ಗದ್ದಕ್ಕ ಹೊಲಿಗಿ ಬಿದ್ದದ್ದು ಬಚ್ಚಲದಾಗ ಜಾರಿ ಅಂದಿದ್ದೆಲ್ಲೋ!" ಎಂದು ಅಳಲು ಶುರುಮಾಡಿದರು. ಅಪ್ಪನಿಗೆ ಅದರ ಪರಿವೆಯೇ ಇಲ್ಲ.

"ಎದುರುಗಾಳಿ ಇತ್ತೇನು?"

"ಇತ್ತ್ರಿ. ಸಾಲಂಗಿಲ್ಲ ಅಂತ ಅರ್ಧ ದಾರ್‍ಯಾಗೇ ಗೊತ್ತಾತು."

"ಮತ್ತ ಯಾಕ ತಿರುಗಿ ಬರಲಿಲ್ಲ?"

"ಗೆಳ್ಯಾರ ಮುಂದ ನಾಚಿಕಿ ಬಂತ್ರಿ."

ಮುಗಿಯಿತು ಸಂಬಂಧ ಎಂದುಕೊಂಡೆ. ಅಪ್ಪ ಎದ್ದು ನಿಂತ.

"ಇಷ್ಟು ವರ್ಷ ಬಿದ್ದವರ ವರದಿ ಓದೀನಿ. ಒಬ್ಬ ಗಾಳಿ ಅಂತಾನ, ಇನ್ನೊಬ್ಬ ಪೆಟ್ರೋಲಿನ ಮುಳ್ಳು ಸುಳ್ಳು ತೋರಿಸ್ತು ಅಂತಾನ. ನಾಚಿಕಿ ಅಂತ ಖರೇ ಹೇಳಿದಾಂವ ಇಂವೊಬ್ಬ. ನನಗ ಹುಡುಗ ಪಸಂದ್!"

"ನಾವಿನ್ನೂ ಹೂಂ ಅಂದಿಲ್ಲರಿ," ಎಂದು ಅವನ ತಾಯಿ ಮೂಗು ಒರೆಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಾಡು, ಅಡಿಗೆ ಕೇಳುತ್ತಾರೆಂದು ಸಜ್ಜಾದೆ. ಅವರು ಅವ್ವನ ಕಡೆ ತಿರುಗಿ, "ಹುಡುಗಿಗೆ ಸಿಟ್ಟು ಬರ್ತದೇನ್ರಿ?" ಎಂದರು.

"ಭಾಳ ಬರ್ತದ್ರಿ," ಎಂದ ಅವ್ವ ತಕ್ಷಣ ನಾಲಿಗೆ ಕಚ್ಚಿಕೊಂಡಳು.

"ಹಂಗಾದ್ರ ಆತು," ಎಂದರು ಅವನ ತಾಯಿ. "ಇಂವಗ ನನ್ನ ಅಂಜಿಕಿ ಇಲ್ಲ. ಇಕಿಗೆ ಅಂಜಿಯರ ತಿರುಗಿ ಮನಿಗೆ ಬರಲಿ."